ಬನಶಂಕರೆವ್ವನ ಗುರುವಾರ

ಬೆಟಗೇರಿಯ ನೇಕಾರರ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಜೋಳದ ಗಂಜಿಯ ವಾಸನೆ ಮಾತ್ರ ಆಗಲೇ ಎದ್ದು ಮನೆಮನೆಯ ಕದ ತಟ್ಟುತ್ತಿದೆ. ಓಣಿಯ ಉದ್ದಕ್ಕೂ ಕವೆಗೋಲುಗಳ ಮೇಲೆ ಬಿಳಿ ನೂಲು ಬಿಗಿದು ನಿಂತಿದೆ. ಸೀರೆಯಲ್ಲಿ ಉದ್ದಕ್ಕೆ ಓಡುವ ಈ ಎಳೆಗಳೆಲ್ಲ ಸೇರಿ ನೇಕಾರರ ಬಾಯಲ್ಲಿ ಹಾಸು. ಮಗ್ಗ ಏರುವ ಮೊದಲು ಅದಕ್ಕೆ ಗಂಜಿ ಕುಡಿಸಬೇಕು, ಬಿಸಿಲು ಬಲಿಯುವುದರೊಳಗೆ ಕುಡಿಸಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಬನಶಂಕರೆವ್ವ ಕುಂಚ ಎಳೆಯುತ್ತ ಹೋಗುತ್ತಾಳೆ, ಎಳೆಯುತ್ತ ಬರುತ್ತಾಳೆ.

ಹಾಸಿನ ಕೆಳಗೆ ಮಕ್ಕಳು. ಮುಖ ಮೇಲೆ ಮಾಡಿ, ಬಾಯಿ ತೆರೆದು, ನಕ್ಷತ್ರ ನೋಡುವವರಂತೆ ನಡೆಯುತ್ತಿದ್ದಾರೆ. ಎಲ್ಲಿಯಾದರೂ ಎಳೆ ಹರಿದರೆ ಅದರ ತುದಿ ಕೆಳಗೆ ಜೋತು ಬೀಳುತ್ತದೆ. ಮೇಲಿಂದ ನೋಡುವವರಿಗೆ ಕಾಣದ್ದು ಕೆಳಗಿನವರಿಗೆ ಕಾಣುತ್ತದೆ.

“ಆಯೀ, ಇಲ್ಲಿ ಹರದೈತಿ!”

“ಹರದೈತಿ ಅಂತ ಒದರಿದ್ರ ತಾನ ಕೂಡತೈತೇನಲೇ? ಬೆರಳು ತೊಯ್ಸಿಕೊ. ಎರಡೂ ತುದಿ ಹಿಡಿ. ಹೊಸಿ.”

ಗಂಜಿಯ ಗಡಿಗೆಯ ಬಳಿ ಕುಳಿತ ನೆರೆಮನೆಯ ಲಾಲಬಿ ನಗುತ್ತಾಳೆ. ನೂಲಿಗೆ ಬಣ್ಣ ಹಾಕುವುದು ಆಕೆಯ ಮನೆತನದ ಕಸುಬು, ಮಾತಿಗೆ ಬಣ್ಣ ಹಾಕುವುದು ಆಕೆಯದೇ. “ಬನಶಂಕರೆವ್ವಾ, ನಿನ್ನ ಸಾಲಿ ಹುಡುಗ್ರು ಗಂಜಿ ಹಚ್ಚಾಕ ಬಂದಾವೋ ಕುಡ್ಯಾಕ ಬಂದಾವೋ?”

“ನಿನ್ನ ಬಾಯಿಗೆ ಹಚ್ಚಾಕ ಬಂದಾವವಾ. ಒಣಗಿದ ಮ್ಯಾಲ ಜರಾ ಮುಚ್ಚಿಕೊಂಡಿರತೈತಿ.”

ಇದು ಶಾಲೆ ನಡೆಯುತ್ತಿರುವ ಹೊತ್ತು ಎಂದರೆ ನಂಬುವವರು ಕಡಿಮೆ. ಓಣಿಯ ಕೊನೆಯಲ್ಲಿ, ಹಳೆಯ ನೂಲಿನ ಉಗ್ರಾಣದಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ ಒಂದು ಚಿಕ್ಕ ಮಾಂಟೆಸ್ಸರಿ ಶಾಲೆ ತೆರೆಯಿತು. ಮೂರು ವರ್ಷದಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಪಾಟಿಗಿಂತ ಮೊದಲು ಕೈಗೆ ಕೆಲಸ ಕೊಡುತ್ತಾರೆ. ಗದಗಿನ ವಕೀಲರ, ವ್ಯಾಪಾರಿಗಳ ಮಕ್ಕಳು ಬರುತ್ತಾರೆ, ಓಣಿಯ ನೇಕಾರರ ಮಕ್ಕಳೂ ಬರುತ್ತಾರೆ. ಬನಶಂಕರೆವ್ವ ಅಲ್ಲಿ ಶಿಕ್ಷಕಿ ಎಂದರೆ ಸರಿಯಾಗಲಾರದು, ಶಾಲೆಯ ಕಾಗದಗಳಲ್ಲಿ ಆಕೆ ಆಯಾ. ಬರಿಯ ಆಯಾ ಎಂದರೂ ಸರಿಯಾಗಲಾರದು. ಅದನ್ನು ಹೇಳಲು ಆಕೆಯ ಗುರುವಾರಗಳನ್ನು ನೋಡಬೇಕು.

ಆಕೆ ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ಅದು ಸಂಸ್ಥಾನದ ಊರಾಗಿದ್ದ ಕಾಲದಲ್ಲಿ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕಾಲು ಗಟ್ಟಿಯಾಗುವ ಮೊದಲೇ ರಾಟಿಯ ಮುಂದೆ ಕುಳಿತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತಿದವಳು. ಮದುವೆಯಾಗಿ ಬೆಟಗೇರಿಗೆ ಬಂದಳು. ಯುದ್ಧದ ವರ್ಷಗಳಲ್ಲಿ ನೂಲು ಸಿಗದೆ ಗಂಡ ನಿಂಗಪ್ಪನ ಮಗ್ಗ ನಿಂತಿತು. ಕುಣಿಮಗ್ಗದಲ್ಲಿ ಕಾಲು ಇಳಿಬಿಡುವ ಕುಣಿಯಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು ಎಂದು ಆಕೆ ನಗುತ್ತಲೇ ಹೇಳುತ್ತಾಳೆ. ಆ ನಗು ಬಹಳ ಹೊತ್ತು ಉಳಿಯುವುದಿಲ್ಲ. “ಮಗ್ಗ ಮತ್ತ ಶುರು ಆತ್ರಿ. ಆದ್ರ ಒಮ್ಮಿ ನಿಂತದ್ದು ಮತ್ತ ನಿಲ್ಲಬಹುದಲ್ಲ ಅನ್ನೂ ಅಂಜಿಕಿ ಹೋಗಲಿಲ್ಲ. ಸಾಲಿ ತೆಗದ್ರು, ಕಸಾ ಹೊಡಿಯಾಕ ಮಂದಿ ಬೇಕಂದ್ರು, ಹೋದೆ.”

ಕಸ ಗುಡಿಸುವುದರ ಜೊತೆಗೆ ಮಕ್ಕಳನ್ನು ಕರೆತರುವುದೂ ಆಕೆಯ ಪಾಲಿಗೆ ಬಂತು. ಗದಗಿನಿಂದ ಬೆಟಗೇರಿಗೆ ಜಟಕಾ, ಎತ್ತಿನ ಬಂಡಿಗಳ ನಡುವೆ ಪುಟ್ಟ ಮಕ್ಕಳನ್ನು ಹಿಂಡಾಗಿ ತರುವುದು ಹೇಗೆ? ಮಗ್ಗದ ಕೆಳಗೆ ಬಿದ್ದ ತುಂಡು ನೂಲನ್ನೆಲ್ಲ ಹೊಸೆದು ಉದ್ದನೆಯ ಹಗ್ಗ ಮಾಡಿದಳು, ಮಗುವಿಗೊಂದು ಗಂಟು ಹಾಕಿದಳು. ತನ್ನ ಗಂಟು ಹಿಡಿದ ಮಗು ಸಾಲು ಬಿಡುವುದಿಲ್ಲ. ಓಣಿಗೆ ಬಂದಾಗ ಇಲ್ಲಿನ ಮಕ್ಕಳೂ ಅದನ್ನೇ ಹಿಡಿಯುತ್ತಾರೆ. ಹಗ್ಗದಲ್ಲಿ ವಕೀಲರ ಮಗಳ ಹಿಂದೆ ನೇಕಾರರ ಮಗ, ಅವನ ಹಿಂದೆ ಬಣ್ಣಗಾರರ ಮಗಳು. ಯಾರು ಯಾರ ಹಿಂದೆ ಎಂದು ಕೇಳಿದವರಿಗೆ, “ಗಂಟು ಖಾಲಿ ಇದ್ದಲ್ಲಿ” ಎಂದಷ್ಟೇ ಉತ್ತರ.

ಗುರುವಾರದ ಪಾಠ ಹುಟ್ಟಿದ್ದು ಬಣ್ಣದ ಹಲಗೆಗಳಿಂದ. ತಿಳಿಯಿಂದ ಗಾಢಕ್ಕೆ ಜೋಡಿಸಬೇಕಾದ ಆ ಹಲಗೆಗಳು ಮುಂಬಯಿಯಿಂದ ಬರಬೇಕಿತ್ತು, ಬರಲಿಲ್ಲ. ಬನಶಂಕರೆವ್ವ ಲಾಲಬಿಯ ಅಂಗಳಕ್ಕೆ ಮಕ್ಕಳನ್ನು ಕರೆದೊಯ್ದಳು. ಒಂದೇ ಕೆಂಪು, ನೂಲನ್ನು ಒಮ್ಮೆ ಅದ್ದಿದರೆ ಒಂದು ಬಣ್ಣ, ಎರಡನೆಯ ಸಲ ಅದ್ದಿದರೆ ಇನ್ನೊಂದು. ಮಕ್ಕಳು ನೂಲಿನ ಲಡಿಗಳನ್ನು ಹಗ್ಗದ ಮೇಲೆ ತಾವೇ ಜೋಡಿಸಿದರು. ಪುಣೆಯಲ್ಲಿ ತರಬೇತಿ ಪಡೆದು ಬಂದ ಶಿಕ್ಷಕಿ ಅಮೃತವ್ವ ಅಂದೇ ನಿಶ್ಚಯ ಮಾಡಿದರು: ವಾರಕ್ಕೊಂದು ದಿನ ಶಾಲೆ ಗೋಡೆಯ ಹೊರಗೆ. “ಪದ್ಧತಿ ಪುಸ್ತಕದ್ದು. ಅದಕ್ಕೆ ಊರು ಬೇಕಲ್ಲ? ಊರನ್ನು ತೋರಿಸಲು ಬನಶಂಕರೆವ್ವ ಬೇಕು” ಎನ್ನುತ್ತಾರೆ ಅಮೃತವ್ವ.

ಅಲ್ಲಿಂದ ಮುಂದೆ ಗುರುವಾರ ಬಂತೆಂದರೆ ಮಕ್ಕಳಿಗೆ ಎಲ್ಲಿಗೋ ಪಯಣ. ಹೊಂಬಳದ ಹೊಲದಲ್ಲಿ ಶೇಂಗಾ ಕಿತ್ತು ಬುಟ್ಟಿಯ ತೂಕ ನೋಡುವುದು. ಅರಳೆ ಕಾರಖಾನೆಯ ಬಾಗಿಲಲ್ಲಿ ನಿಂತು ಬೀಜ ಬೇರೆ, ಹತ್ತಿ ಬೇರೆಯಾಗುವುದನ್ನು ನೋಡುವುದು. ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಲಕ್ಕುಂಡಿಗೆ. ಅಲ್ಲಿನ ಹಳೆಯ ಬಾವಿಗೆ ಮೆಟ್ಟಿಲಿಗೊಂದು ಅಂಕಿ ಹೇಳುತ್ತ ಇಳಿಯುತ್ತಾರೆ, ಅದನ್ನೇ ಹಿಂದುಮುಂದಾಗಿ ಹೇಳುತ್ತ ಏರುತ್ತಾರೆ. ಕಳೆಯುವ ಲೆಕ್ಕ ಹಾಗೆ ಕಾಲಿಗೇ ಬರುತ್ತದೆ. ಶಾಲೆಯ ಒಂದು ಕೋಣೆಯಲ್ಲಿ ನಿಂಗಪ್ಪ ಮಾಡಿಕೊಟ್ಟ ಪುಟ್ಟ ಮಗ್ಗವೂ ಇತ್ತು. ಮಕ್ಕಳು ಅದರಲ್ಲಿ ಅಂಗೈಯಗಲದ ಪಟ್ಟಿ ನೇಯುತ್ತಿದ್ದರು.

ತೊಂದರೆ ಬಂದದ್ದೂ ಆ ಮಗ್ಗದಿಂದಲೇ. ದಸರೆಯ ರಜೆಯಲ್ಲಿ ಗದಗಿನ ವಕೀಲರೊಬ್ಬರ ಮನೆಗೆ ಬೀಗರು ಬಂದಿದ್ದರು. ದೊಡ್ಡವಳಾದ ಮೇಲೆ ಏನಾಗುವೆ ಎಂದು ಮಗಳನ್ನು ಕೇಳಿದರು. ಮಗು ಬನ್ನಿ ಎಲೆ ಕೊಡುತ್ತಲೇ, “ನಾ ನೇಕಾರಕಿ ಆಗ್ತೀನಿ” ಎಂದಿತು. ಬೀಗರು ನಕ್ಕರು. ವಕೀಲರು ನಗಲಿಲ್ಲ.

ರಜೆ ಮುಗಿದೊಡನೆ ಶಾಲೆಯ ಸಮಿತಿ ಸೇರಿತು. ಅಧ್ಯಕ್ಷರು ಗೋವಿಂದಪ್ಪ, ನೂಲಿನ ವ್ಯಾಪಾರಿ. ಇದೇ ಓಣಿಯಲ್ಲಿ ಹುಟ್ಟಿ, ಈಗ ಗದಗಿನಲ್ಲಿ ಮಾಳಿಗೆಯ ಮನೆ ಕಟ್ಟಿಸಿರುವವರು. ನವೆಂಬರ್ ಒಂದಕ್ಕೆ ನಾಡು ಒಂದಾಗುತ್ತದೆ, ಹೊಸ ಸರಕಾರದವರು ನೋಡಲು ಬರುತ್ತಾರೆ, ಶಾಲೆ ಶಾಲೆಯಂತೆ ಕಾಣಬೇಕು ಎಂಬ ಮಾತು ಬಂತು. ಗುರುವಾರದ ಪಾಠ ಬಂದ್. ಮಗ್ಗದ ಕೋಣೆಗೆ ಕೀಲಿ. ಆಯಾ ಕಸ, ನೀರು, ಮಕ್ಕಳನ್ನು ತರುವುದು ಬಿಡುವುದು, ಇಷ್ಟನ್ನು ನೋಡಿಕೊಳ್ಳತಕ್ಕದ್ದು. ಅಮೃತವ್ವ ವಾದ ಮಾಡಿದರು. ಅವರ ಮಾತನ್ನು ಬರೆದುಕೊಂಡರು, ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ಸೋಮವಾರ ಹಗ್ಗದಲ್ಲಿ ಗಂಟುಗಳು ಖಾಲಿ ಉಳಿದವು. ಬರದೆ ಉಳಿದವರೆಲ್ಲ ನೇಕಾರರ ಮಕ್ಕಳು. ಮಕ್ಕಳಲ್ಲೇ ಎತ್ತರದವಳಾದ ದೇವವ್ವ ತನ್ನ ಮನೆಯ ಪಡಸಾಲೆಯಲ್ಲಿ ರಾಟಿ ಹಿಡಿದು ಕುಳಿತಿದ್ದಳು. ಯಾಕೆ ಕಳಿಸಲಿಲ್ಲ ಎಂದು ಬನಶಂಕರೆವ್ವ ಕೇಳಿದಾಗ ಹುಡುಗಿಯ ತಾಯಿ ಕೆಲಸದಿಂದ ಕಣ್ಣೆತ್ತದೆ ಹೇಳಿದ ಮಾತು ಆಕೆಗೆ ಇನ್ನೂ ಬಾಯಿಪಾಠ: “ನಮ್ಮ ಕೆಲಸ ನಿಮ್ಮ ಸಾಲಿಗೆ ನಾಚಿಕಿ ಆದ್ರ ನಮ್ಮ ಮಕ್ಕಳೂ ನಾಚಿಕಿನ ಬೇ. ಮನ್ಯಾಗ ಕಂಡಿಕಿನರ ಆಗ್ತಾವ.”

“ಆಕಿ ಅಂದದ್ರಾಗ ಏನ್ ತಪ್ಪೈತ್ರಿ?” ಎನ್ನುತ್ತಾಳೆ ಬನಶಂಕರೆವ್ವ. “ನಾನೂ ಹಂಗ ಕುಂತಾಕಿ. ರಾಟಿ ಮುಂದ ಒಮ್ಮಿ ಕುಂತ ಹುಡುಗಿ ಏಳೂದಿಲ್ರಿ. ಹದಿನೈದು ದಿನ ಬಿಟ್ರ ದೇವವ್ವ ನನ್ನ ಕೈ ತಪ್ಪಿ ಹೋಗ್ತಿದ್ಲು.”

ಹದಿನೈದು ದಿನ ಬಿಡಲಿಲ್ಲ. ನವೆಂಬರ್ ಒಂದನೆಯ ತಾರೀಖು ಗುರುವಾರವಾಗಿತ್ತು. ಬೆಳಿಗ್ಗೆ ಶಾಲೆಯಲ್ಲಿ ಝೇಂಡಾ ಏರಿಸಲು ಗೋವಿಂದಪ್ಪ ಬರುವವರಿದ್ದರು. ನಸುಕಿನಲ್ಲೇ ಬನಶಂಕರೆವ್ವ, ನಿಂಗಪ್ಪ ತಮ್ಮ ಮನೆಯ ಹಾಸನ್ನು ಹೊರಗೆ ತಂದರು. ಎಂದಿನಂತೆ ಎದುರು ಮಗ್ಗುಲಿಗೆ ಹಾಕಲಿಲ್ಲ. ಶಾಲೆಯ ಗೋಡೆಗುಂಟ, ಬಾಗಿಲಿಗೆ ಅಡ್ಡವಾಗಿ ಬಿಗಿದರು. ಆಕೆ ಮನೆಮನೆಗೆ ಹೋಗಿ ಹೇಳಿದ್ದು ಒಂದೇ ಮಾತು: “ಸಾಲ್ಯಾಗ ಬ್ಯಾಡಂದಾರ, ಓಣ್ಯಾಗ ಬರ್ರಿ.” ದೇವವ್ವ ಮೊದಲು ಬಂದಳು. ಗದಗಿನಿಂದ ಹಗ್ಗ ಹಿಡಿದು ಬಂದ ಮಕ್ಕಳು ಬಿಳಿ ಅಂಗಿಯಲ್ಲೇ ಹಾಸಿನ ಕೆಳಗೆ ಸೇರಿಕೊಂಡರು.

ನೇಕಾರರಲ್ಲಿ ಒಂದು ರೂಢಿ ಇದೆ. ಬಿಗಿದ ಹಾಸನ್ನು ಯಾರೂ ಮೇಲಿನಿಂದ ದಾಟುವುದಿಲ್ಲ. ದಾಟಿದರೆ ಮಗ್ಗಕ್ಕೆ ಅಪಮಾನ. ಆಚೆ ಹೋಗಲೇಬೇಕಾದರೆ ಕೆಳಗೆ ಬಗ್ಗಿ ನುಸುಳಬೇಕು. ಗೋವಿಂದಪ್ಪ ರೇಶಿಮೆಯ ರುಮಾಲು ಸುತ್ತಿಕೊಂಡು ವಕೀಲರೊಂದಿಗೆ ಜಟಕಾದಿಂದ ಇಳಿದಾಗ, ಅವರಿಗೂ ಶಾಲೆಯ ಬಾಗಿಲಿಗೂ ನಡುವೆ ಹಸಿ ಹಾಸು ನಿಂತಿತ್ತು. ಓಣಿಯ ಮಂದಿ ಕಟ್ಟೆಗಳ ಮೇಲೆ ನೆರೆದಿದ್ದರು.

“ಏನಿದು ಬನಶಂಕರೆವ್ವಾ? ಇವತ್ತ, ಇಲ್ಲೇ ಹಾಕಬೇಕಾಗಿತ್ತೇನು?”

“ಗುರುವಾರ ಐತಲ್ರಿ ಸಾವ್ಕಾರ್ರ.”

“ಗುರುವಾರದ್ದು ಬಂದ್ ಮಾಡೀವಿ ಅಂತ ಹೇಳಿಲ್ಲೇನು?”

“ಸಾಲ್ಯಾಗ ಬಂದ್ ಮಾಡೀರಿ. ನಾವು ಓಣ್ಯಾಗ ಅದೀವಿ. ಓಣೀನೂ ನಿಮ್ಮ ಕಮೀಟಿದೇನ್ರಿ?”

“ಜಲ್ದಿ ತಗಿ ಅದನ್ನ. ಹೊತ್ತಾತು.”

“ಹಸಿ ಐತ್ರಿ. ಈಗ ಮಡಚಿದ್ರ ಎಳಿಗೆ ಎಳಿ ಅಂಟಿ ಕಟಗಿ ಆಗ್ತೈತಿ. ನಿಮಗ ಗೊತ್ತಿಲ್ಲದ್ದೇನು? ನಿಮ್ಮವ್ವನ ಗಂಜಿ ಗಡಗಿ ಹೊತ್ತು ಬೆಳದಾವ್ರು ನೀವು.”

ಗೋವಿಂದಪ್ಪ ದನಿ ತಗ್ಗಿಸಿದರು. “ಬೇಕಂತ ಹಾಕೀಯಲ್ಲ?”

“ಹೌದ್ರಿ. ಬೇಕಂತನ ಹಾಕೀನಿ.”

ಹೀಗೆ ನೇರವಾಗಿ ಒಪ್ಪಿಕೊಂಡವಳ ಮುಂದೆ ಸಿಟ್ಟು ಮಾಡುವುದು ಸುಲಭವಲ್ಲ. ಕಟ್ಟೆಯ ಮೇಲಿಂದ ಲಾಲಬಿ ಕೂಗಿದಳು: “ಸಾವ್ಕಾರ್ರ, ರುಮಾಲ ಬಿದ್ದೀತು, ಇಲ್ಲಿ ಕೊಡ್ರಿ. ನಾ ಹಿಡ್ಕೋತೀನಿ, ನೀವು ಬಗ್ಗ್ರಿ!” ಓಣಿ ಗೊಳ್ಳೆಂದಿತು. ಅಷ್ಟರಲ್ಲಿ ಹಾಸಿನ ಕೆಳಗಿಂದ ವಕೀಲರ ಮಗಳ ದನಿ ಬಂತು: “ಅಪ್ಪಾ, ಅಲ್ಲೇ ನಿಂದರು! ನಿನ್ನ ಮುಂದಿನ ಎಳಿ ಹರದೈತಿ!” ವಕೀಲರು ನಿಂತರು. ಮಗಳು ಬೆರಳು ತೋಯಿಸಿಕೊಂಡು ತುದಿಗೆ ತುದಿ ಹೊಸೆಯುವುದನ್ನು, ಬೇರೇನೂ ಮಾಡಲು ತೋಚದೆ, ನೋಡಿದರು. ದೇವವ್ವ ಪಕ್ಕದಲ್ಲಿ ನಿಂತು ತಿದ್ದುತ್ತಿದ್ದಳು: “ಅಷ್ಟ ಜಗ್ಗಬ್ಯಾಡ, ಮತ್ತ ಹರೀತೈತಿ.”

ಗೋವಿಂದಪ್ಪ ರುಮಾಲು ತೆಗೆದರು. ಲಾಲಬಿಗೆ ಕೊಡಲಿಲ್ಲ, ತಮ್ಮ ಕಂಕುಳಲ್ಲೇ ಇಟ್ಟುಕೊಂಡರು. ಸೊಂಟ ಹಿಡಿದುಕೊಂಡು ಬಗ್ಗಿ ಆಚೆ ದಾಟಿದರು. ಅವರ ಹಿಂದೆ ವಕೀಲರು. ಝೇಂಡಾ ಏರಿತು. ಮಕ್ಕಳು ಗಂಜಿ ಮೆತ್ತಿದ ಕೈಯಲ್ಲೇ ವಂದನೆ ಮಾಡಿದರು. ಅಧ್ಯಕ್ಷರ ಭಾಷಣದಲ್ಲಿ ಒಂದಾದ ನಾಡಿನ ಮಾತು ಬಂತು, ಗುರುವಾರದ ಮಾತು ಬರಲಿಲ್ಲ. ಹೊರಗೆ ಬರುವಾಗಲೂ ಹಾಸು ಒಣಗಿರಲಿಲ್ಲ. ಇನ್ನೊಮ್ಮೆ ಬಗ್ಗಿದರು.

ಆಮೇಲೆ ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾದೀತು. ಸಮಿತಿಯ ನಿರ್ಣಯ ಇಂದಿಗೂ ಹಾಗೆಯೇ ಇದೆ, ಮಗ್ಗದ ಕೋಣೆಯ ಕೀಲಿ ತೆಗೆದಿಲ್ಲ. ಗದಗಿನ ಎರಡು ಮನೆಯವರು ಮಕ್ಕಳನ್ನು ಬಿಡಿಸಿದ್ದಾರೆ. ವಕೀಲರ ಮಗಳು ಬರುತ್ತಿದ್ದಾಳೆ. ದೇವವ್ವ ಮತ್ತು ಮನೆಯಲ್ಲೇ ಉಳಿದಿದ್ದ ಇತರ ಮಕ್ಕಳು ಹಗ್ಗಕ್ಕೆ ಮರಳಿದ್ದಾರೆ, ಓಣಿಯ ಹೊಸ ಮಕ್ಕಳೂ ಸೇರಿ ಹೊಸದಾಗಿ ಗಂಟು ಹಾಕಬೇಕಾಗಿ ಬಂದಿದೆ. ಪ್ರತಿ ಗುರುವಾರ ಓಣಿಯ ಯಾವುದಾದರೊಂದು ಮನೆಯವರು ತಮ್ಮ ಹಾಸನ್ನು ಶಾಲೆಯ ಗೋಡೆಗುಂಟ ಹಾಕುತ್ತಾರೆ. ಹೀಗೆ ಹಾಕಿರೆಂದು ಅವರಿಗೆ ಯಾರೂ ಹೇಳಿಲ್ಲ.

ಕೆಲಸದಿಂದ ತೆಗೆದರೆ ಏನು ಮಾಡುವಿರಿ ಎಂದರೆ ಬನಶಂಕರೆವ್ವ ಕುಂಚ ಝಾಡಿಸುತ್ತಾಳೆ. “ತಗೀಲ್ರಿ. ಓಣಿಯಿಂದ ಹೆಂಗ ತಗೀತಾರ?”

ಏನು ಬೇಕು ಎಂದು ಕೇಳಿದರೆ ಮಾತ್ರ ತುಸು ಯೋಚಿಸುತ್ತಾಳೆ. ಬೇಕಾದದ್ದು ಒಂದೇ. ಮುಂದೊಂದು ದಿನ ದೇವವ್ವ ಅಮೃತವ್ವನ ಹಾಗೆ ಓದಿ ಬಂದು, ಆ ಕೋಣೆಯ ಕೀಲಿಯನ್ನು ತಾನೇ ತೆಗೆಯಬೇಕು. “ಅಲ್ಲೀತನಾ ನಾ ಇರ್ತೀನ್ರಿ. ಇರದೆ ಎಲ್ಲಿಗೆ ಹೋಗ್ಲಿ?”

ಬಿಸಿಲು ಮಾಳಿಗೆಯಿಂದ ಕೆಳಗಿಳಿಯುತ್ತಿದೆ. ಬೇರೆ ಓಣಿಗಳಲ್ಲಿ ಹಾಸು ಸೊಂಟದೆತ್ತರಕ್ಕೆ ಇರುತ್ತದೆ, ಇಲ್ಲಿ ಎದೆಯ ಮಟ್ಟಕ್ಕಿದೆ. ಕುಂಚ ಎಳೆಯುವವರಿಗೆ ಕೈ ಸೋಲುತ್ತದೆ. ಯಾಕೆ ಹೀಗೆ ಎಂದರೆ ಆಕೆ ಕವೆಗೋಲೊಂದನ್ನು ತಟ್ಟಿ ತೋರಿಸುತ್ತಾಳೆ.

“ದೇವವ್ವನ ತಲಿಗೆ ಅಳತಿ ಹಿಡಿದು ಕಡಿಸೀನ್ರಿ. ದೊಡ್ಡಾವ್ರು ಬೇಕಾದ್ರ ಬಗ್ಗಲಿ. ನನ್ನ ಮಕ್ಕಳು ಇದರ ಕೆಳಗ ತಲಿ ಎತ್ತಿಕೊಂಡ ಹೋಗಬೇಕು.”