ಕ್ಯಾಂಪಿನ ಸೂಜಿ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹೊರಗೆ ಚೆಂಡು ಹೂವಿನ ಹಾರ ಕಟ್ಟುವ ಗುರುಸಿದ್ದಮ್ಮನಿಗೆ ವರ್ಷಕ್ಕೊಂದು ದಿನ ಮಹಾರಾಣಿ ಯೋಗ. ಚರ್ಚಿನ ಕಾಂಪೌಂಡಿಗೆ ಅಮೆರಿಕದ ಡಾಕ್ಟರುಗಳ ತಂಡ ಕ್ಯಾಂಪ್ ಮಾಡಲು ಬಂದಾಗ ಆಕೆಗೆ ಕುರ್ಚಿ, ಕಾಫಿ, ಕೈಗೊಂದು ಸೂಜಿ. ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಂದಾಗ ಈ ತಂಡದವರೇ ಮೈಸೂರಿನಲ್ಲಿ ಆಪರೇಷನ್ ಮಾಡಿಸಿದ್ದರು. ಆ ಖುಷಿಗೆ ಆಕೆ ಎಲ್ಲರೆದುರು ಸೂಜಿ ಪೋಣಿಸಿ ತೋರಿಸಿದ್ದಳು. ಅದೇ ಪದ್ಧತಿಯಾಗಿಬಿಟ್ಟಿತು.

ತಂಡದವರು ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಚಟ್ನಿಗೆ ಹೆದರಿ ಬರೀ ಇಡ್ಲಿ ತಿಂದು, ಬಿಪಿ, ಸಕ್ಕರೆ, ಹಲ್ಲು, ಕಣ್ಣು ಎಂದು ಸಂಜೆಯವರೆಗೂ ದುಡಿಯುತ್ತಾರೆ. ಅದಕ್ಕೆಲ್ಲ ಮೊದಲು ಗುರುಸಿದ್ದಮ್ಮನ ಸೂಜಿ. ಅದನ್ನು ನೋಡಿದರೆ ಸಾಲಿನಲ್ಲಿರುವವರ ಹೆದರಿಕೆ ಇಳಿಯುತ್ತದೆಂದು ನರ್ಸ್ ವನಿತಾಳ ನಂಬಿಕೆ.

ಆದರೆ ಆ ಕಣ್ಣು ಮತ್ತೆ ಮಂಜಾಗಿ ವರ್ಷದ ಮೇಲಾಯಿತು. ಹಳದಿ ಹಾರದೊಳಗೆ ಕೇಸರಿ ಹೂ ನುಸುಳುತ್ತದೆ, ಗಿರಾಕಿಗಳು ಹೊಸ ಡಿಸೈನು ಎಂದು ನಗುತ್ತಾರೆ. ಕೆಲವರಿಗೆ ಹಾಗಾಗುವುದುಂಟು, ಬಂದು ತೋರಿಸಿದರೆ ಒಂದೇ ದಿನದಲ್ಲಿ ಸರಿಮಾಡಿಸಬಹುದು ಎಂದು ವನಿತಾ ಯಾರಿಗೋ ಹೇಳಿದ್ದನ್ನು ಆಕೆ ಕೇಳಿಸಿಕೊಂಡಿದ್ದಾಳೆ. ಹೇಳುವುದು ಯಾವ ಬಾಯಿಂದ? ಏಳು ಸಮುದ್ರ ದಾಟಿ ಬಂದವರ ಮುಂದೆ, ನೀವು ಕೊಟ್ಟ ಕಣ್ಣು ಕೆಟ್ಟಿತು ಎಂದರೆ ಉಂಡ ಮನೆಯ ಜಂತೆ ಎಣಿಸಿದಂತಲ್ಲವೇ? ಕಳೆದ ವರ್ಷ ನೂಲು ಒದ್ದೆ ಮಾಡುವವಳಂತೆ ಸೂಜಿಯನ್ನೂ ಬಾಯಿಗಿಟ್ಟು, ನಾಲಿಗೆಯ ತುದಿಯಲ್ಲೇ ತೂತು ಹುಡುಕಿ ಪೋಣಿಸಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆ ಆಕೆಗೆ ಮನೆಯಲ್ಲೂ ಕೇಳುತ್ತದೆ, ಮೈ ಉರಿಯುತ್ತದೆ.

ಈ ಸಲ ಸೋಲಲೇಬೇಕೆಂದು ಹೊರಟಳು. ಬಾಯಿ ಹೇಳದಿದ್ದರೆ ಸೂಜಿಯಾದರೂ ಹೇಳಲಿ.

ಕುರ್ಚಿಯಲ್ಲಿ ಕೂತಾಗ ಪಕ್ಕದ ಮನೆಯ ಚಿಕ್ಕಮಲ್ಲಮ್ಮ ಬಂದು ಸೆರಗು ಹಿಡಿದಳು. ಆಕೆಯ ಎರಡೂ ಕಣ್ಣಿಗೆ ಪೊರೆ. ಹೋದ ವಾರವಷ್ಟೇ ಒಲೆಗೆ ಕೈಯಿಟ್ಟು ಸುಟ್ಟುಕೊಂಡಿದ್ದಾಳೆ.

"ಅಕ್ಕ, ನೀ ಪೋಣ್ಸುದ್ರೆ ನಾನೂ ಆಪ್ರೇಸನ್ ಮಾಡಿಸ್ಕತೀನಿ. ಇಲ್ದಿದ್ರೆ ಇಂಗೇ ಮನೆಗೋಯ್ತೀನಿ ಕಣಕ್ಕ, ಭಯ ಆಯ್ತದೆ."

"ಸುಮ್ಕಿರವ್ವ, ನನ್ನೇ ಯಾಕ್ ನೋಡೀಯೆ?"

"ಇನ್ಯಾರ್ನ ನೋಡ್ಲಿ ಬುಡು."

ವನಿತಾ ಸೂಜಿ ಕೊಟ್ಟಳು. ಸಾಲಿನವರು ಕತ್ತು ಚಾಚಿದರು. ಗುರುಸಿದ್ದಮ್ಮ ನೂಲನ್ನು ಗಾಳಿಯಲ್ಲಿ ಚುಚ್ಚಿದಳು, ಒಮ್ಮೆ, ಇನ್ನೊಮ್ಮೆ. ತಪ್ಪಿದಾಗಲೆಲ್ಲ ಸಾಲಿನವರು ಅಯ್ಯೋ ಎಂದರು. ಹೀಗೇ ಇನ್ನೊಂದು ಸಲ ತಪ್ಪಿದರೆ ಸಾಕಿತ್ತು. ಅಷ್ಟರಲ್ಲಿ ಚಿಕ್ಕಮಲ್ಲಮ್ಮನ ಕೈ ಸೆರಗಿನಿಂದ ಸಡಿಲವಾಯಿತು. ಹೊರಟಿದ್ದಾಳೆಂದು ಬಳೆಯ ಸದ್ದಿನಲ್ಲೇ ತಿಳಿಯಿತು.

ಗುರುಸಿದ್ದಮ್ಮ ಸೂಜಿಯನ್ನು ಬಾಯಿಗಿಟ್ಟಳು.

ಚಪ್ಪಾಳೆಯೋ ಚಪ್ಪಾಳೆ. ತಂಡದ ಡಾಕ್ಟ್ರಮ್ಮ ಆಕೆಯ ಕೆನ್ನೆ ಸವರಿ ಏನೋ ಅಂದಳು. ವನಿತಾ ಕನ್ನಡದಲ್ಲಿ ಹೇಳಿದಳು: "ನಿಮ್ಮ ಕಣ್ಣು ಫಸ್ಟ್ ಕ್ಲಾಸಂತೆ ಅಜ್ಜಿ. ಟೆಸ್ಟೇ ಬೇಡವಂತೆ."

ಚಿಕ್ಕಮಲ್ಲಮ್ಮ ಹಿಂದಕ್ಕೆ ಬಂದಿದ್ದಳು. "ನನ್ ಕಣ್ಣೂ ನಿನ್ ತರಾನೇ ಆಯ್ತದಾ ಅಕ್ಕ?"

ಗುರುಸಿದ್ದಮ್ಮ ಅವಳ ಕೈ ಹುಡುಕಿ ಹಿಡಿದಳು. "ಚಂದಾಗಾಯ್ತದೆ ಕಣವ್ವ. ಏನಾರ ಮಂಜಾದ್ರೆ ಮಾತ್ರ ಬಾಯ್ಬುಟ್ಟು ಯೋಳ್ಬುಡು. ನಾಚ್ಕಬ್ಯಾಡ. ಓಗು."

ಅವಳನ್ನು ಒಳಗೆ ಕರೆದೊಯ್ದರು. ಗುರುಸಿದ್ದಮ್ಮ ಕುರ್ಚಿ ಬಿಟ್ಟೆದ್ದು ಗೋಡೆ ಹಿಡಿದು ಹೊರಗೆ ಬಂದಳು. ಮುಂದೆ ಮೆಟ್ಟಿಲು ಎಲ್ಲಿದೆ ಎಂದು ಯಾರನ್ನೂ ಕೇಳುವಂತಿರಲಿಲ್ಲ.