ಎಲ್ಲವನ್ನೂ ಒಪ್ಪು

ಆ ಪ್ರಕಾಶನದ ಕಚೇರಿಯಲ್ಲಿ ಅವಳಿಗೆ ಎರಡು ಹೆಸರು. ಎದುರಿಗೆ ಅಕ್ಕ, ಬೆನ್ನ ಹಿಂದೆ ಕೊಂಬಕ್ಕ. ಹೆಸರು ಹುಟ್ಟಿದ್ದು ಅಕ್ಷರದ ಕೊಂಬಿನಿಂದ. ಒಂದು ಕೊಂಬು ಬಿಟ್ಟುಹೋಗಿ ‘ಗುರು’ ಎನ್ನುವುದು ‘ಗುರ’ ಆಗಿ ಕೂತಿದ್ದರೆ ಸಾಕು, ಬಾಗಿಲಲ್ಲಿ ನಿಂತೇ ಅವಳ ಕಣ್ಣಿಗೆ ಬೀಳುತ್ತಿತ್ತು. ಆದರೆ ಹೆಸರು ಗಟ್ಟಿಯಾಗಿ ನಿಂತದ್ದು ಬೇರೆ ಕಾರಣಕ್ಕೆ. ತಾನು ನೋಡಿದ ಪುಟದಲ್ಲಿ ತಪ್ಪಿದೆ ಎಂದು ಯಾರಾದರೂ ಅಂದರೆ ಅವಳು ಕನ್ನಡಕ ತೆಗೆದು, ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಎಲ್ಲಿ, ತೋರಿಸಿ” ಎನ್ನುತ್ತಿದ್ದಳು. ಇವಳಿಗೇನು ಎರಡು ಕೊಂಬಿದೆಯೇ ಎಂದು ಎಂಥವರಿಗೂ ಅನ್ನಿಸುವ ಹಾಗೆ.

ಐವತ್ತು ದಾಟಿದ ಹೆಂಗಸನ್ನು ‘ಅವರು’ ಎನ್ನಬೇಕಲ್ಲವೇ ಎಂದು ಯಾರಾದರೂ ಮುನಿದರೆ ಮುನಿಯಲಿ. ಈ ಕಥೆಯಲ್ಲಿ ಆ ಪದದಿಂದ ಆದ ಅನಾಹುತವೇ ಸಾಕು, ನಾನೂ ಕೈಜೋಡಿಸುವುದಿಲ್ಲ.

ಅವಳು ಕೆಲಸಕ್ಕೆ ಸೇರಿದಾಗ ಕಂಪ್ಯೂಟರಿನಲ್ಲಿ ಒಂದೊಂದು ಅಕ್ಷರವನ್ನೂ ತುಂಡುತುಂಡಾಗಿ ಕಟ್ಟಬೇಕಿತ್ತು. ತಲೆಕಟ್ಟು ಒಂದು ಕೀಲಿ, ಗುಡಿಸು ಒಂದು ಕೀಲಿ, ಒತ್ತಿಗೆ ಇನ್ನೊಂದು. ಅದು ಬೆರಳಿಗೆ ಕೂತಿತು ಎನ್ನುವಷ್ಟರಲ್ಲಿ ಯೂನಿಕೋಡ್ ಬಂತು, ಹಳೆಯ ಕಡತಗಳೆಲ್ಲ ತೆರೆದರೆ ಬರೀ ಚಿತ್ತಾರ. ಅವನ್ನು ಒಂದೊಂದಾಗಿ ಬದಲಿಸಿ ಮುಗಿಸಿದಳು ಅನ್ನುವಾಗ ವೆಬ್‌ಸೈಟ್ ಬಂತು. ಅದನ್ನೂ ಕಲಿತಳು. ಕೊನೆಗೆ ಇ-ಪುಸ್ತಕ. ಪುಟವೇ ಇಲ್ಲದ ಪುಸ್ತಕ. ಓದುವವರು ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳೆಲ್ಲ ಜಾರಿ ಬೇರೆ ಕಡೆ ಹೋಗಿ ಕೂರುವ ಪುಸ್ತಕ. “ನೀರಿನ ಮೇಲೆ ಬರೆದಂಗೆ ಆಯ್ತಲ್ರೀ” ಎಂದು ಒಂದು ವಾರ ಗೊಣಗಿದಳು, ಆಮೇಲೆ ಅದರಲ್ಲೂ ಕೈ ಪಳಗಿತು. ಗಂಡ ಲಿಫ್ಟ್ ರಿಪೇರಿಯವನು. “ನಿನ್ನ ಕೆಲಸಕ್ಕಿಂತ ನಂದೇ ವಾಸಿ. ಲಿಫ್ಟು ಮೇಲೆ ಹೋಗುತ್ತೆ, ಇಲ್ಲ ಕೆಳಗೆ ಬರುತ್ತೆ. ಮೂರನೇ ದಿಕ್ಕು ಯಾರೂ ಕಂಡುಹಿಡೀಲಿಲ್ಲ” ಎನ್ನುತ್ತಿದ್ದ.

ಈ ಎಲ್ಲ ಬದಲಾವಣೆಯ ನಡುವೆ ಅವಳು ಬಿಡದೆ ಹಿಡಿದುಕೊಂಡಿದ್ದ ಪದ್ಧತಿ ಒಂದಿತ್ತು: ಒಂದು ಪುಸ್ತಕಕ್ಕೆ ಒಂದೇ ಕಡತ. ಹಿಂದೊಮ್ಮೆ ಎರಡು ಪ್ರತಿ ಇಟ್ಟುಕೊಂಡು, ತಿದ್ದದೇ ಇದ್ದದ್ದು ಅಚ್ಚಿಗೆ ಹೋಗಿ ಮಾನ ಹರಾಜಾಗಿತ್ತು. ಅಂದಿನಿಂದ ಹೊಸದು ಆದ ಕೂಡಲೇ ಹಳೆಯದನ್ನು ಅಳಿಸಿಬಿಡುತ್ತಿದ್ದಳು. ಎರಡು ದೋಣಿಯಲ್ಲಿ ಕಾಲಿಡಬಾರದು ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದಳು.

ನರ್ಸಮ್ಮನ ಪುಸ್ತಕ ಬಂದದ್ದು ಹೀಗಿರುವಾಗ. ಆಸ್ಪತ್ರೆಯಿಂದ ನಿವೃತ್ತರಾದ, ಒಂಟಿಯಾಗಿ ಇರುವ ಮುದುಕಿ. ಅವರಿಗೊಬ್ಬ ಮಗನಿದ್ದ. ಆರನೇ ವಯಸ್ಸಿಗೆ ಜ್ವರ ಬಂದು, ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದ. ಎಷ್ಟೋ ದಶಕ ಅದರ ಬಗ್ಗೆ ಬಾಯಿ ಬಿಡದಿದ್ದವರು, ಕಣ್ಣು ಮಂಜಾಗತೊಡಗಿದ ಮೇಲೆ, ಫೋನಿನಲ್ಲಿ ಅಕ್ಷರವನ್ನು ಬದನೆಕಾಯಿ ಗಾತ್ರ ಮಾಡಿಕೊಂಡು, ಒಂದು ಬೆರಳಲ್ಲಿ ಒತ್ತಿ ಒತ್ತಿ ಅವನ ಕಥೆ ಬರೆದಿದ್ದರು. ಬರೆದು ಮುಗಿಯುವುದಕ್ಕೂ ಕಣ್ಣು ಪೂರ್ತಿ ಹೋಗುವುದಕ್ಕೂ ಸರಿಹೋಯಿತು.

ಕೊಂಬಕ್ಕ ಅವರ ಮನೆಗೇ ಹೋಗಿ ಮೊದಲ ಅಧ್ಯಾಯವನ್ನು ಅವರ ಪಕ್ಕ ಕೂತು ತಿದ್ದಿದಳು. ಹೊರಡುವಾಗ, ತುಂಬಿ ಹೋಗಿದ್ದ ಅವರ ಫೋನಿನಿಂದ ಬರೆಹವನ್ನು ತನ್ನ ಕಡೆಗೆ ತೆಗೆದುಕೊಂಡು, ಪದ್ಧತಿಯ ಪ್ರಕಾರ ಅಲ್ಲಿದ್ದದ್ದನ್ನು ಅಳಿಸಿದಳು.

“ಹುಷಾರು ಕಣಮ್ಮ. ನನಗೆ ವ್ಯಾಕರಣ ಬರಲ್ಲ. ಆದ್ರೆ ಅವನು ಹೇಗಿದ್ನೋ ಹಾಗೇ ಬರ್ದಿದೀನಿ” ಎಂದರು ನರ್ಸಮ್ಮ.

“ನಿಮ್ಮನ್ನ ಕೇಳದೆ ಒಂದಕ್ಷರ ಮುಟ್ಟಲ್ಲ” ಎಂದಳು ಕೊಂಬಕ್ಕ. ಮಾತು ಕೊಟ್ಟದ್ದು ಮನಸ್ಸಾರೆ.

ಆ ತಿಂಗಳಲ್ಲೇ ಪ್ರಕಾಶನದ ಯಜಮಾನ ಒಂದು ಹೊಸ ತಂತ್ರಾಂಶ ತಂದು ಎಲ್ಲರ ಕಂಪ್ಯೂಟರಿಗೂ ಹಾಕಿಸಿದ. ಪುಸ್ತಕವನ್ನು ಅದರ ಬಾಯಿಗೆ ಕೊಟ್ಟರೆ ತಾನೇ ಓದಿ, ತಾನೇ ತಿದ್ದಿ ಕೊಡುತ್ತದಂತೆ. “ಇದಕ್ಕೆ ಸಂಬಳ ಬೇಡ, ರಜೆ ಬೇಡ, ಕೋಪಾನೂ ಬರಲ್ಲ” ಎಂದು ನಕ್ಕ. ನಗೆ ಯಾರ ಕಡೆಗೆ ಎಂದು ಬಿಡಿಸಿ ಹೇಳಬೇಕಿರಲಿಲ್ಲ. ಕೊಂಬಕ್ಕ ಎಲ್ಲರೆದುರು, “ಯಂತ್ರಕ್ಕೆ ಕನ್ನಡ ಬರೋದಾದ್ರೆ ನಾನು ನಾಳೆಯಿಂದ ಬರಲ್ಲ” ಎಂದುಬಿಟ್ಟಳು.

ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ, ಅದರ ಹುಳುಕು ಹಿಡಿಯಲೆಂದೇ, ತಾನು ತಿದ್ದಿ ಮುಗಿಸಿದ್ದ ಮೊದಲ ಅಧ್ಯಾಯವನ್ನು ಅದಕ್ಕೆ ಹಾಕಿದಳು. ಯಂತ್ರ ಒಂದೇ ಒಂದು ಪದದ ಕೆಳಗೆ ಗೆರೆ ಎಳೆಯಿತು: ‘ಅಧ್ಬುತ’. ಮಹಾಪ್ರಾಣ ತಪ್ಪು ಜಾಗದಲ್ಲಿ ಕೂತಿತ್ತು. ‘ಅದ್ಭುತ’ ಬರೆಯಲು ಬಾರದವರು ಪುಸ್ತಕಕ್ಕೆ ಯಾಕೆ ಕೈಹಾಕಬೇಕು ಎಂದು ಎಷ್ಟು ಲೇಖಕರ ನೀರಿಳಿಸಿದ್ದಳೋ, ಅದೇ ಪದ, ತಾನು ಎರಡೆರಡು ಸಲ ನೋಡಿದ ಪುಟದಲ್ಲಿ. ಸುತ್ತ ಯಾರೂ ಇಲ್ಲದಿದ್ದರೂ ತಲೆ ತಗ್ಗಿಸಿದಳು.

ಸೊಕ್ಕಿನ ಮನುಷ್ಯರಲ್ಲಿ ಇದೊಂದು ವಿಚಿತ್ರ. ನೆಟ್ಟಗೆ ನಿಂತರೆ ಯಾರನ್ನೂ ನಂಬುವುದಿಲ್ಲ, ಬಿದ್ದರೆ ಬೀಳಿಸಿದವರ ಕಾಲನ್ನೇ ಹಿಡಿದುಕೊಳ್ಳುತ್ತಾರೆ. ಅವಳಿಗೆ ತನ್ನ ಕಣ್ಣಿನ ಮೇಲಿದ್ದ ನಂಬಿಕೆಯೆಲ್ಲ ಒಂದೇ ಏಟಿಗೆ ಆ ಯಂತ್ರದ ಮೇಲೆ ಹೋಯಿತು. ಇಡೀ ಪುಸ್ತಕವನ್ನು ಅದಕ್ಕೆ ಹಾಕಿದಳು. ಗೌರವ ಸೂಚಕ ಬಳಕೆ ಸರಿಪಡಿಸಬೇಕೇ, ಅಶುದ್ಧ ರೂಪಗಳನ್ನು ಶುದ್ಧಗೊಳಿಸಬೇಕೇ, ಅರ್ಥವಾಗದ ವಾಕ್ಯಗಳನ್ನು ತೆಗೆಯಬೇಕೇ ಎಂದು ಅದು ವಿನಯದಿಂದ ಕೇಳಿತು. ಎಲ್ಲದಕ್ಕೂ ಹೂಂ ಅಂದಳು. ಕೊನೆಗೊಂದು ಗುಂಡಿ ಬಂತು: ‘ಎಲ್ಲವನ್ನೂ ಒಪ್ಪು’. ಮೊದಲ ಪುಟವನ್ನು ಇಣುಕಿ ನೋಡಿದಳು. ಅದರಲ್ಲಿ ಆಸ್ಪತ್ರೆಯ ವರ್ಣನೆ, ತೊಳೆದಿಟ್ಟ ಹಾಗೆ ಚೊಕ್ಕ. ಒತ್ತಿದಳು. ಪದ್ಧತಿಯ ಪ್ರಕಾರ ಹಳೆಯದನ್ನು ಅಳಿಸಿದಳು.

ಪುಸ್ತಕ ಅಂಗಡಿಯಿಲ್ಲದ ಅಂಗಡಿಗೆ ಹೋಯಿತು, ಜನ ಫೋನಿಗೆ ಇಳಿಸಿಕೊಂಡರು. ಭಾಷೆ ಬಹಳ ಶುದ್ಧವಾಗಿದೆ ಎಂದು ಯಾರೋ ಬರೆದರು. ಯಜಮಾನ ಅದನ್ನು ಎಲ್ಲರಿಗೂ ಓದಿ ಹೇಳಿ, “ಅಕ್ಕ, ಇದಕ್ಕೆ ಯಂತ್ರ ಮುಟ್ಟಿಸ್ಲಿಲ್ಲ ತಾನೆ?” ಎಂದ. ಬರೀ ಕೀಟಲೆಗೆ ಕೇಳಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಸಿಡುಕಿದಳು: “ಅಕ್ಷರ ಅಕ್ಷರ ನಾನೇ ನೋಡಿದೀನಿ.” ‘ಕರಡು ತಿದ್ದಿದವರು’ ಎಂದು ಪುಸ್ತಕದ ಮೊದಲಲ್ಲೇ ಅವಳ ಹೆಸರಿತ್ತು. ಮನೆಯಲ್ಲಿ ಗಂಡನಿಗೆ ಮಾತ್ರ ನಿಜ ಹೇಳಿದಳು. ಅವನು ಊಟ ನಿಲ್ಲಿಸಿ, “ಲಿಫ್ಟಲ್ಲಿ ಇರೋ ಗುಂಡಿ ಎಲ್ಲಾ ಒಟ್ಟಿಗೆ ಒತ್ತೋರ್ನ ನಾವು ಏನಂತೀವಿ ಗೊತ್ತಾ?” ಎಂದ. ಏನಂತಾರೆ ಎಂದು ಅವಳು ಕೇಳಲಿಲ್ಲ.

ಒಂದು ಭಾನುವಾರ ನರ್ಸಮ್ಮ ಬರಹೇಳಿದರು. ಎರಡನೇ ಮಹಡಿಯ ಒಂದೇ ಕೋಣೆ. ಕಬ್ಬಿಣದ ಮಂಚ, ಕಿಟಕಿಯ ಪಕ್ಕ ಕುರ್ಚಿ, ಗೋಡೆಗೆ ಮೊಳೆ ಹೊಡೆದು ತೂಗಿಸಿದ ಬಿಳಿ ಕೋಟು. ಪಕ್ಕದ ಮನೆಯವರು ಪುಸ್ತಕವನ್ನು ಫೋನಿಗೆ ಹಾಕಿಕೊಟ್ಟು, ಓದಿ ಹೇಳುವ ಸೌಲಭ್ಯ ತೋರಿಸಿ ಹೋಗಿದ್ದರು. “ಒಬ್ಳೇ ಕೇಳೋಕೆ ಧೈರ್ಯ ಆಗ್ಲಿಲ್ಲ. ನೀನು ಪಕ್ಕದಲ್ಲಿರು” ಎಂದು ಅವಳ ಕೈ ಹಿಡಿದು ಕೂರಿಸಿಕೊಂಡರು.

ಫೋನಿನ ಹೆಂಗಸು ಸಪ್ಪೆ ದನಿಯಲ್ಲಿ ಓದತೊಡಗಿದಳು. ಆಸ್ಪತ್ರೆ ಮುಗಿಯಿತು, ಹೆರಿಗೆ ಬಂತು. “ಅವರು ಹುಟ್ಟಿದಾಗ ತಲೆ ತುಂಬ ಕೂದಲಿತ್ತು. ರಾತ್ರಿಯಿಡೀ ಅಳುತ್ತಿದ್ದರು. ಎಂಟನೇ ತಿಂಗಳಿಗೆ ಅವರು ಗೋಡೆ ಹಿಡಿದು ನಿಂತರು. ಅವರಿಗೆ ಮಣ್ಣು ತಿನ್ನುವ ಅಭ್ಯಾಸವಿತ್ತು.”

ಬೇರೆ ಯಾರ ಮನೆಯಲ್ಲಾದರೂ ಇದಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನರ್ಸಮ್ಮ ತಲೆ ಓರೆ ಮಾಡಿ ಕೇಳಿದರು. “ಯಾರಿದು? ಯಾರ ವಿಷಯ ಹೇಳ್ತಾ ಇದೆ?”

ನಿಜ ಹೇಳಲು ಅದೇ ಸಮಯ, ಕೊಂಬಕ್ಕನಿಗೂ ಗೊತ್ತಿತ್ತು. ಆದರೆ ಬಾಯಿಂದ ಬಂದದ್ದು, “ಫೋನಿಂದೇ ದೋಷ ನರ್ಸಮ್ಮ. ಅದು ಎಲ್ಲರಿಗೂ ಮರ್ಯಾದೆ ಕೊಟ್ಟು ಓದುತ್ತೆ.”

“ಹೌದಾ? ನನ್ನ ಮಗನಿಗೆ ಯಾತರ ಮರ್ಯಾದೆ? ಯಾರೋ ಡಾಕ್ಟ್ರ ಕಥೆ ಕೇಳ್ದಂಗಾಯ್ತು.” ಅವರು ನಕ್ಕೇಬಿಟ್ಟರು, ಪೂರ್ತಿ ನಂಬಿ. “ಹಾಗಾದ್ರೆ ಅದನ್ನ ಬಾಯಿ ಮುಚ್ಚಿಸು. ನೀನು ಓದು.”

ಒಂದು ಸುಳ್ಳಿಗೆ ಹತ್ತು ಸುಳ್ಳು ಎನ್ನುತ್ತಾರೆ. ಅವಳ ಪಾಲಿಗೆ ಸಾಲಿಗೊಂದು ಸುಳ್ಳು ಬಂತು. ‘ಅವರು ನಿಂತರು’ ಎಂದಿದ್ದಲ್ಲಿ ‘ಅವನು ನಿಂತ’ ಎಂದು, ‘ಅತ್ತರು’ ಎಂದಿದ್ದಲ್ಲಿ ‘ಅತ್ತ’ ಎಂದು, ಕಣ್ಣು ಒಂದನ್ನು ನೋಡುತ್ತ ಬಾಯಿ ಇನ್ನೊಂದನ್ನು ಹೇಳುತ್ತ ಓದಿದಳು. ಮೊದಲ ಅಧ್ಯಾಯ ಜೊತೆಗೆ ಕೂತು ತಿದ್ದಿದ್ದೇ ಆದ್ದರಿಂದ ಹೇಗೋ ದಡ ಸೇರಿದಳು. ಕಣ್ಣು ಕಾಣದ ಮುದುಕಿಯ ಎದುರು ಇದನ್ನು ಮಾಡುತ್ತಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ನಿಲ್ಲಿಸಲಿಲ್ಲ.

“ಚೆನ್ನಾಗಿ ಓದ್ತೀಯ” ಎಂದರು ನರ್ಸಮ್ಮ. “ಈಗ ಆ ಕಿಟಕಿ ಅಧ್ಯಾಯ ಓದು. ಅದಕ್ಕೇ ಕಾಯ್ತಾ ಇದೀನಿ.”

ಆ ಅಧ್ಯಾಯವನ್ನು ಅವಳು ಕಣ್ಣಿಂದ ನೋಡಿರಲೇ ಇಲ್ಲ. ಹುಡುಕಿ ತೆಗೆದಳು. “ಬೆಳಿಗ್ಗೆ ಎದ್ದ ಕೂಡಲೇ ಅವನು ಕಿಟಕಿಗೆ ಓಡುತ್ತಿದ್ದ. ಸರಳು ಹಿಡಿದು, ಗುಬ್ಬಚ್ಚಿ ಬಂತು, ಗುಬ್ಬಚ್ಚಿ ಬಂತು ಎಂದು ಕೂಗುತ್ತಿದ್ದ...”

ಅವಳ ಮಣಿಕಟ್ಟಿನ ಮೇಲಿದ್ದ ಕೈ ಬಿಗಿಯಾಯಿತು. “ಏನಂತಿದ್ದ?”

“ಗುಬ್ಬಚ್ಚಿ.”

“ಇನ್ನೊಂದ್ಸಲ ನೋಡು.”

ನೋಡಿದಳು. ಎಷ್ಟು ನೋಡಿದರೂ ಅಲ್ಲಿ ಗುಬ್ಬಚ್ಚಿಯೇ ಕೂತಿತ್ತು, ಕೊಂಬು, ಒತ್ತು ಎಲ್ಲ ಸರಿಯಾಗಿ.

ನರ್ಸಮ್ಮ ಮೆಲ್ಲಗೆ ಕೈ ತೆಗೆದರು. “ಅವನಿಗೆ ಆ ಮಾತು ತಿರುಗ್ತಾ ಇರ್ಲಿಲ್ಲ. ಬುಗ್ಗಚ್ಚಿ ಅಂತಿದ್ದ. ಕೊನೇತನಕ ಬುಗ್ಗಚ್ಚಿನೇ. ಆ ಅಧ್ಯಾಯದಲ್ಲಿ ಇರೋದೆಲ್ಲ ಅದೊಂದೇ ಮಾತು. ಅದಿಲ್ದೆ ಹೋದ್ರೆ ಗುಬ್ಬಿ ನೋಡೋ ಹುಡುಗ್ರು ಊರ ತುಂಬ ಇದಾರೆ.” ಮುಖವನ್ನು ಅವಳ ಕಡೆ ತಿರುಗಿಸಿದರು. “ಓದಿದ್ರೆ ನೀನು ಇದನ್ನ ಮರೀತಿರ್ಲಿಲ್ಲ. ಓದೇ ಇಲ್ಲ ನೀನು.”

ಬೈದಿದ್ದರೆ ಕೊಂಬಕ್ಕ ಏನಾದರೂ ಎದುರಾಡುತ್ತಿದ್ದಳೇನೋ, ಅಭ್ಯಾಸ ಬಲ. ಆ ಸ್ವರದಲ್ಲಿ ಬೈಗುಳ ಇರಲಿಲ್ಲ. ನೆಲ ಬಾಯಿಬಿಡಬಾರದೇ ಅನ್ನಿಸಿತು. ಬಾಯಿಬಿಡದ ನೆಲದ ಮೇಲೆ ಕೂತು ಎಲ್ಲವನ್ನೂ ಒಪ್ಪಿಕೊಂಡಳು: ಯಂತ್ರ, ಗುಂಡಿ, ಫೋನಿನ ಮೇಲೆ ಹಾಕಿದ ಸುಳ್ಳು, ಹಳೆಯ ಪ್ರತಿ ಎಲ್ಲೂ ಉಳಿದಿಲ್ಲ ಎನ್ನುವುದು. ಕೊನೆಯದನ್ನು ಕೇಳಿದಾಗ ಮಾತ್ರ ನರ್ಸಮ್ಮ ಕಣ್ಣು ಮುಚ್ಚಿದರು, ಕಾಣದ ಕಣ್ಣುಗಳನ್ನೂ ಮುಚ್ಚಬೇಕಾಗುತ್ತದೆ ಒಮ್ಮೊಮ್ಮೆ.

“ಬರ್ಕೋ” ಎಂದರು. “ನಾನು ಹೇಳ್ತೀನಿ.”

ಆ ಭಾನುವಾರದಿಂದ ಪ್ರತಿ ಭಾನುವಾರವೂ ಹೋದಳು. ಯಜಮಾನನಿಗೂ ನಿಜ ಹೇಳಿದಳು. ಅವನು ನಗುತ್ತಾನೆ ಎಂದುಕೊಂಡಿದ್ದಳು, ಅವನು ನಗದೇ ಇದ್ದದ್ದು ಇನ್ನೂ ಕಷ್ಟವಾಯಿತು. ಪುಸ್ತಕವನ್ನು ಅಂಗಡಿಯಿಂದ ತೆಗೆಸಿದರು. ನರ್ಸಮ್ಮ ಹೇಳಿದರು, ಅವಳು ಕೇಳಿ ಕೇಳಿ ಒತ್ತಿದಳು. ‘ಅವರು’ ಮತ್ತೆ ‘ಅವನು’ ಆಗಿ ಮಣ್ಣು ತಿಂದ, ಗೋಡೆ ಹಿಡಿದು ನಿಂತ. ಬುಗ್ಗಚ್ಚಿ ಕಿಟಕಿಗೆ ಬಂತು. ಅದರ ಕೆಳಗೆ ಯಂತ್ರ ಎಳೆದ ಕೆಂಪು ಗೆರೆಯನ್ನು ನೋಡಿ ಅವಳಿಗೆ ಸಿಟ್ಟು ಬರಲಿಲ್ಲ. ಗೆರೆ ಎಳೆಯುವುದು ಅದರ ಕೆಲಸ, ಒಪ್ಪಿದ್ದು ತನ್ನ ಬೆರಳು.

ಕೊನೆಯ ಅಧ್ಯಾಯದಲ್ಲಿ ಮಗು ಆಸ್ಪತ್ರೆಯ ಹಾಸಿಗೆಯಲ್ಲಿತ್ತು. “ಬುಗ್ಗಚ್ಚಿ ಬಂತಾ ಅಂದ” ಎಂದರು ನರ್ಸಮ್ಮ. “ಬಂತು ಅಂದೆ. ಅದಕ್ಕೆ ಅವನು ಏನೋ ಅಂದ.”

ಕೊಂಬಕ್ಕ ಕೀಲಿಗಳ ಮೇಲೆ ಬೆರಳಿಟ್ಟು ಕಾದಳು.

“ಏನೋ ಅಂದ ಕಣೆ. ನಮಗ್ಯಾರಿಗೂ ಅರ್ಥ ಆಗದ್ದು, ಅವನದೇ ಭಾಷೆ. ಬರೆಯುವಾಗ ಇದ್ದಕ್ಕಿದ್ದಂಗೆ ಕಿವಿಗೆ ಬಂದಿತ್ತು, ಅಷ್ಟು ವರ್ಷದ ಮೇಲೆ. ಹಾಗೇ ಬರೆದಿದ್ದೆ.” ತುಟಿ ಆಡಿಸಿ ನೋಡಿದರು, ಒಂದು ಶಬ್ದ ಮಾಡಿ, ಅಲ್ಲ ಎಂದು ತಲೆಯಾಡಿಸಿದರು. ಮತ್ತೊಂದು ಮಾಡಿದರು. ಅದೂ ಅಲ್ಲ.

ಅರ್ಥವಾಗದ ವಾಕ್ಯಗಳನ್ನು ತೆಗೆಯಬೇಕೇ ಎಂದು ಯಂತ್ರ ಕೇಳಿತ್ತು. ಹೂಂ ಅಂದಿದ್ದು ಅವಳೇ.

“ಬಿಡು. ಅಲ್ಲಿ ಖಾಲಿ ಬಿಡು” ಎಂದರು ನರ್ಸಮ್ಮ. “ನೆನಪಾದ್ರೆ ಹೇಳ್ತೀನಿ.”

ಖಾಲಿ ಬಿಟ್ಟಳು. ‘ಕರಡು ತಿದ್ದಿದವರು’ ಎಂಬಲ್ಲಿದ್ದ ತನ್ನ ಹೆಸರನ್ನೂ ತೆಗೆದಳು. ಪುಸ್ತಕ ಮತ್ತೆ ಅಂಗಡಿಗೆ ಹೋಯಿತು. ಫೋನಿನ ಹೆಂಗಸು ಖಾಲಿ ಜಾಗವನ್ನು ಓದುವುದಿಲ್ಲ, ಅಲ್ಲಿ ಉಸಿರೂ ಎಳೆದುಕೊಳ್ಳದೆ ಮುಂದಿನ ಸಾಲಿಗೆ ಹೋಗುತ್ತಾಳೆ. ಅಲ್ಲೊಂದು ಮಾತಿತ್ತು ಎಂದು ಗೊತ್ತಿರುವವರು ಯಜಮಾನನೂ ಸೇರಿ ಮೂವರೇ. “ಅಚ್ಚಿನ ಪುಸ್ತಕ ಅಲ್ವಲ್ಲ ಅಕ್ಕ, ನಾಳೆ ನೆನಪಾದ್ರೆ ನಾಳೆನೇ ಸೇರಿಸ್ಬಹುದು” ಎಂದು ಯಜಮಾನ ಸಮಾಧಾನ ಹೇಳಿದ. ಅದು ನಿಜವೇ. ಅದಕ್ಕೇ ಕೊಂಬಕ್ಕ ಈಗಲೂ ಭಾನುವಾರ ಹೋಗುತ್ತಾಳೆ, ತರಕಾರಿ ತಂದು ಕೊಡುತ್ತಾಳೆ, ಕಿಟಕಿಯ ಪಕ್ಕ ಕೂತು ಅದೂ ಇದೂ ಮಾತಾಡುತ್ತಾಳೆ. ನೆನಪಾಯಿತಾ ಎಂದು ಕೇಳಲು ಮಾತ್ರ ಅವಳಿಗೆ ಮುಖವಿಲ್ಲ.