ಕರಿಕೋಟಿನ ಅಂಗಡಿಗೆ ಬಂದ ಬಿಳಿಯ ಮರಿ

ನ್ಯಾಯಾಲಯದ ಎದುರು ಬೀದಿಯಲ್ಲಿ ಇಸ್ತ್ರಿಯಣ್ಣನ ಡ್ರೈಕ್ಲೀನಿಂಗ್ ಅಂಗಡಿ. ಅವನು ಮೇಷ್ಟ್ರಾದ ನನಗಿಂತ ಚಿಕ್ಕವನು, ಆದರೂ ಬೀದಿಗೆಲ್ಲ ಅಣ್ಣ. ಅವನ ಹೆಂಡತಿ ಬೀದಿಗೆಲ್ಲ ಅಕ್ಕ. ಅಲ್ಲಿಗೆ ಬರುವ ಬಟ್ಟೆಗಳಲ್ಲಿ ಮುಕ್ಕಾಲು ಪಾಲು ವಕೀಲರ ಕರಿಕೋಟು. ತೊಳೆಯುವುದು, ಉಗಿ ಇಸ್ತ್ರಿ ಹಾಕುವುದು, ಕೊನೆಗೆ ಬ್ರಷ್ ಎಳೆದು ಬೆಳಕಿಗೆ ಹಿಡಿದು ನೋಡುವುದು ಅವನ ಕೆಲಸ. ಅದಾದ ಮೇಲೆ ಸಡಿಲಾದ ಗುಂಡಿಗಳನ್ನು ಬಿಚ್ಚಿ ಮತ್ತೆ ಹೊಲಿಯುವುದು ಅಕ್ಕನ ಕೆಲಸ. ಅವಳ ಸೂಜಿಯನ್ನು ಅವನು ಮುಟ್ಟುವಂತಿರಲಿಲ್ಲ, ಅವನ ಬ್ರಷ್ಷನ್ನು ಅವಳು. ಆ ಅಂಗಡಿಯ ಕೋಟಿನ ಮೇಲೆ ಒಂದು ನೂಲೆಳೆ ಕಂಡಿತೆಂದು ಯಾರೂ ದೂರಿದ್ದನ್ನು ನಾನು ಕೇಳಿಲ್ಲ.

ಅಕ್ಕನ ತಲೆಗೂದಲೂ ಆ ಕೋಟುಗಳಷ್ಟೇ ಕಪ್ಪು. ಅದು ಬಟ್ಟಲಲ್ಲಿ ಕಲಸಿದ ಬಣ್ಣದ ಮಹಿಮೆಯೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ಮಾತೆತ್ತಿದವರ ಕೋಟು ಸಿದ್ಧವಾಗುವುದು ಒಂದು ವಾರ ತಡವಾಗುತ್ತಿತ್ತು.

ಇಸ್ತ್ರಿಯಣ್ಣನಿಗೆ ಹಿಮದೇಶದ ನಾಯಿಯ ಹುಚ್ಚು ಹಿಡಿದದ್ದು ಒಂದು ಹಳೆಯ ಕ್ಯಾಲೆಂಡರಿನಿಂದ. ತಾರೀಖುಗಳೆಲ್ಲ ಎಂದೋ ಹರಿದುಹೋಗಿ, ಇಸ್ತ್ರಿ ಮೇಜಿನ ಎದುರುಗೋಡೆಯಲ್ಲಿ ಚಿತ್ರವೊಂದೇ ಉಳಿದಿತ್ತು: ಬೆಳ್ಳಗಿನ ಹಿಮದ ಬಯಲು, ಜಾರುಬಂಡಿ ಎಳೆಯುತ್ತಿರುವ ಹಸ್ಕಿ ನಾಯಿಗಳ ಸಾಲು. ಬೇಸಗೆಯಲ್ಲಿ ಉಗಿ ಮುಖಕ್ಕೆ ರಾಚಿದಾಗ ಅವನು ಕತ್ತೆತ್ತಿ ಅದನ್ನು ನೋಡಿ, “ಹಾ, ಈಗ ತಣ್ಣಗಾಯ್ತು,” ಎಂದು ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದ. ಹೀಗೆ ನೋಡಿ ನೋಡಿ, ಅಂಥದೇ ಒಂದು ಮರಿ ತರೋಣವೆಂದು ಹಟ ಹಿಡಿದ.

“ಹಿಮ ಬೇಕಾದ್ರೆ ಫ್ರಿಜ್ ಬಾಗಿಲು ತೆಗೆದು ನಿಂತ್ಕೊಳ್ಳಿ,” ಎಂದಳು ಅಕ್ಕ. “ಬಿಳೀ ಕೂದಲು ಉದುರಿಸೋ ಪ್ರಾಣಿನ ಕರೀ ಕೋಟಿನ ಅಂಗಡಿಗೆ ತರ್ತಾರಂತೆ. ತಲೆಗೇನಾದ್ರೂ ಉಗಿ ಹೊಕ್ಕಿದೆಯಾ?”

ಅವನು ಮುಖ ಸಪ್ಪಗೆ ಮಾಡಿಕೊಂಡು ಓಡಾಡಿದ. ಆ ಮುಖವನ್ನು ನೋಡಲಾರದೆ ಅಕ್ಕ ಒಂದು ಶರತ್ತು ಹಾಕಿದಳು. “ಸರಿ, ತನ್ನಿ. ಆದ್ರೆ ಕೋಟಲ್ಲಿ ನಾಯಿಕೂದಲು ಸಿಕ್ತು ಅಂತ ಒಬ್ರೇ ಒಬ್ರು ತಿರುಗಿ ಬಂದ್ರೂ, ಅವತ್ತೇ ಮರಿ ವಾಪಸ್. ಮೇಷ್ಟ್ರೇ, ನೀವು ಸಾಕ್ಷಿ.”

ನ್ಯಾಯಾಲಯದ ಎದುರು ಬೀದಿಯಾದ್ದರಿಂದ ಇಲ್ಲಿ ಸಾಕ್ಷಿಯಿಲ್ಲದೆ ಯಾವ ಮಾತೂ ನಡೆಯುವುದಿಲ್ಲ. ನಾನು ಒಪ್ಪಿದೆ.

ಮರಿಯನ್ನು ಆರಿಸಲು ಅವನ ಜೊತೆ ನಾನೂ ಹೋಗಿದ್ದೆ. ನಾಯಿ ಸಾಕುವ ಹೆಂಗಸು ಮೊದಲು ತಾಯಿಯನ್ನು ತೋರಿಸಿ, “ತಾಯಿ ಸ್ವಭಾವ ನೋಡದೆ ಮರಿ ಒಯ್ಯಬೇಡಿ,” ಎಂದಳು. ಮರಿಗಳಲ್ಲಿ ಒಂದು ಮಂಚದಡಿ ಅವಿತುಕೊಂಡಿತು, ಇನ್ನೊಂದು ನನ್ನ ಷೂ ದಾರಕ್ಕೆ ಜೋತುಬಿದ್ದಿತು. ನಾನು ನೀಲಿಗಣ್ಣಿನದೊಂದಕ್ಕೆ ಮರುಳಾಗಿದ್ದೆ. ಇಸ್ತ್ರಿಯಣ್ಣ ಯಾವುದರ ಕಣ್ಣನ್ನೂ ನೋಡಲಿಲ್ಲ. ಒಂದೊಂದರ ತುಪ್ಪಳವನ್ನು ಎರಡು ಬೆರಳ ನಡುವೆ ಉಜ್ಜಿ, ಹಿಮ್ಮುಖವಾಗಿ ಸವರಿ, “ಒಳಗೆ ಉಣ್ಣೆ ಲೈನಿಂಗು, ಮೇಲೆ ಒರಟು ಬಟ್ಟೆ. ಎರಡು ಪದರ, ಮೇಷ್ಟ್ರೇ. ಒಳ್ಳೇ ಮಾಲು,” ಎಂದ. ಬಳಿಕ ಗಂಭೀರವಾಗಿ ಆಕೆಯನ್ನು ಕೇಳಿದ: “ಬಣ್ಣ ಬಿಡುತ್ತಾ?”

“ಕೂದಲು ಬಿಡುತ್ತೆ,” ಎಂದಳು ಆಕೆ.

ಅವಿತುಕೊಳ್ಳದೆ, ಮೇಲೆ ಹಾರದೆ, ಅವನ ಕೈಯನ್ನು ಮೂಸಿ ಅದರ ಮೇಲೇ ಗದ್ದ ಊರಿ ಕುಳಿತ ಬಿಳಿಯ ಹೆಣ್ಣುಮರಿಯೊಂದಿತ್ತು. ಅದನ್ನೇ ಎತ್ತಿಕೊಂಡ. ನೊರೆ ಎಂದು ಕರೆದ.

ನೊರೆ ಬೊಗಳುವುದು ಅಪರೂಪ. ಇಸ್ತ್ರಿಯ ಉಗಿ ಉಸ್ಸೆಂದಾಗಲೆಲ್ಲ ಕತ್ತೆತ್ತಿ ರಾಗವೆಳೆಯುತ್ತಿತ್ತು. ಬಿಸಿಲೇರುವ ಮೊದಲೊಮ್ಮೆ, ಇಳಿದ ಮೇಲೊಮ್ಮೆ ತಿರುಗಾಟ. ಉಳಿದ ಹೊತ್ತೆಲ್ಲ ಹಿಂದಿನ ಕೋಣೆಯ ತಣ್ಣನೆಯ ಕಲ್ಲುಹಾಸು, ಫ್ಯಾನು, ಬಟ್ಟಲು ತುಂಬ ನೀರು. ಬೇಸಗೆ ಬಲಿತಾಗ ಇಸ್ತ್ರಿಯಣ್ಣ, ಸೆಕೆಯಲ್ಲಿ ಯಾರು ಉಣ್ಣೆಯ ಕೋಟು ಹಾಕುತ್ತಾರೆಂದು ಮರಿಯನ್ನು ಬೋಳಿಸಲು ಪಶುವೈದ್ಯರಲ್ಲಿಗೆ ಹೊತ್ತೊಯ್ದ. “ಬೋಳಿಸಿದ್ರೆ ಬಿಸಿಲು ನೇರ ಚರ್ಮಕ್ಕೆ ಬೀಳುತ್ತೆ ಮಾರಾಯ್ರೇ,” ಎಂದರು ವೈದ್ಯರು. “ಆ ಕೋಟೇ ಅದಕ್ಕೆ ನೆರಳು. ಸತ್ತ ಕೂದಲನ್ನ ಬ್ರಷ್ ಮಾಡಿ ತೆಗೀರಿ, ಸಾಕು.”

ಬ್ರಷ್ ಮಾಡುವುದನ್ನು ಅವನಿಗೆ ಯಾರಾದರೂ ಹೇಳಿಕೊಡಬೇಕೇ? ಮನೆಯ ಹಿಂದೆ ಬೇರೆ ಬ್ರಷ್, ಬೇರೆ ಅಂಗಿ. ಮುಗಿದ ಮೇಲೆ ಸ್ನಾನ. ಆಮೇಲೆಯೇ ಅಂಗಡಿಗೆ ಕಾಲಿಡುತ್ತಿದ್ದ. ಕೋಟುಗಳನ್ನು ಎರಡೆರಡು ಸಲ ಬೆಳಕಿಗೆ ಹಿಡಿಯುತ್ತಿದ್ದ. ಅಕ್ಕನಂತೂ “ಆ ಪ್ರಾಣಿನ ನಾನು ಮುಟ್ಟೋಳಲ್ಲ,” ಎಂದು ಬಂದವರಿಗೆಲ್ಲ ಸಾರುತ್ತಿದ್ದಳು. ಅಂಗಡಿಯ ಮುಂಭಾಗದಲ್ಲಿ ಸೆಕೆ ತಡೆಯದೆಂದು ಗುಂಡಿ ಹೊಲಿಯುವ ಕೆಲಸವನ್ನು ಮಾತ್ರ ಹಿಂದಿನ ಕೋಣೆಗೆ ಸಾಗಿಸಿದ್ದಳು.

ಒಂದು ಬೆಳಿಗ್ಗೆ ದಪ್ಪ ದನಿಯ ವಕೀಲರೊಬ್ಬರು ಹಿಂದಿನ ದಿನ ಒಯ್ದಿದ್ದ ಕೋಟನ್ನು ತಂದು ಮೇಜಿನ ಮೇಲೆ ಹರಡಿದರು. ಅಂಗಡಿಯಲ್ಲಿ ನಾಲ್ಕಾರು ಮಂದಿ ಇದ್ದರು, ನಾನೂ ಇದ್ದೆ.

“ಏನಪ್ಪಾ ಇದು? ನ್ಯಾಯಾಧೀಶರು ನನ್ನ ವಾದ ಬಿಟ್ಟು ನನ್ನ ಎದೇನೇ ನೋಡ್ತಿದ್ರು.”

ಮೂರನೆಯ ಗುಂಡಿಯ ಬಳಿ ಒಂದು ಬಿಳಿಯ ಕೂದಲು. ಇಸ್ತ್ರಿಯಣ್ಣನ ಮುಖ ಅದಕ್ಕಿಂತ ಬಿಳಿಚಿಕೊಂಡಿತು. ಬ್ರಷ್ ಎಳೆದ, ಬರಲಿಲ್ಲ. ಅಂಟುಪಟ್ಟಿ ಒತ್ತಿ ಕಿತ್ತ, ಬರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ ಕೋಟನ್ನು ಮೂಗಿನ ಹತ್ತಿರ ಹಿಡಿದ. ನಾನೂ ಬಗ್ಗಿ ನೋಡಿದೆ. ಕೂದಲು ಗುಂಡಿಯ ಒಂದು ತೂತಿನಲ್ಲಿ ಇಳಿದು, ಕರಿಯ ದಾರದೊಡನೆ ಇನ್ನೊಂದರಲ್ಲಿ ಮೇಲೆ ಬಂದಿತ್ತು. ಅದು ಉದುರಿ ಬಿದ್ದದ್ದಲ್ಲ, ಹೊಲಿಗೆಯಲ್ಲೇ ಸೇರಿಹೋದದ್ದು.

ಅವನು ಮೆಲ್ಲಗೆ ಅಕ್ಕನ ಕಡೆಗೆ ತಿರುಗಿದ. ಅವಳ ನೀಲಿ ಏಪ್ರನ್ನಿನ ಮಡಿಲಲ್ಲಿ, ಒಂದು ಮರಿ ಸುರುಳಿ ಸುತ್ತಿ ಮಲಗಿದರೆ ಎಷ್ಟಗಲವೋ ಅಷ್ಟಗಲ ಬಿಳಿಯ ಜೂಲು ಅಂಟಿತ್ತು. ಅವನು ಕನ್ನಡಕವನ್ನು ಮತ್ತೆ ಮೂಗಿಗೆ ಇಳಿಸಿದ.

“ನಾಯಿದು ತಾನೇ?” ಎಂದರು ವಕೀಲರು.

“ನಂದು,” ಎಂದಳು ಅಕ್ಕ.

ಅಂಗಡಿಯಲ್ಲಿದ್ದವರೆಲ್ಲ ಅವಳ ಕಡೆ ಕತ್ತು ತಿರುಗಿಸಿದರು.

“ನನ್ನ ಕೂದಲು. ವಯಸ್ಸಾಯ್ತು, ನೆರೆಯೋದಿಲ್ವೇ? ಬಣ್ಣ ಹಚ್ಕೋತೀನಿ. ಒಂದೊಂದು ತಪ್ಪಿಸ್ಕೊಂಡುಬಿಡುತ್ತೆ.”

ವಕೀಲರು ಬೆರಳುದ್ದದ ಆ ಕೂದಲನ್ನು ನೋಡಿದರು. ಅಕ್ಕನ ಸೊಂಟದವರೆಗಿನ ಜಡೆಯನ್ನು ನೋಡಿದರು. ಬದುಕೆಲ್ಲ ಪಾಟೀಸವಾಲು ಹಾಕಿಕೊಂಡು ಬಂದ ಮನುಷ್ಯ, ಬಾಯಿ ತೆರೆದೇಬಿಟ್ಟಿದ್ದರು. ಅಷ್ಟರಲ್ಲಿ ಅಕ್ಕ ಕತ್ತರಿ ಕೈಗೆತ್ತಿಕೊಂಡಳು.

“ಗುಂಡಿ ಬಿಚ್ಚಿ ಈಗಲೇ ಹೊಲಿದು ಕೊಡ್ತೀನಿ. ಇನ್ನೇನಾದ್ರೂ ಕೇಳೋದಿದೆಯಾ?”

“ಏನಿಲ್ಲ ತಾಯಿ,” ಎಂದರು ಅವರು.

ಆಗಲೇ ಇಸ್ತ್ರಿ ಉಸ್ಸೆಂದಿತು. ಹಿಂದಿನ ಕೋಣೆಯಿಂದ ನೊರೆಯ ರಾಗ ತೇಲಿಬಂತು. ಎಲ್ಲರೂ ಬೀದಿ ನೋಡುತ್ತ ನಿಂತರು.

ವಕೀಲರು ಹೋದ ಮೇಲೆ ಇಸ್ತ್ರಿಯಣ್ಣ ಉಸಿರು ಬಿಟ್ಟ. “ಸಾಕ್ಷಿ ಏನಂತಾರೆ, ಮೇಷ್ಟ್ರೇ?”

“ಶರತ್ತು ಇದ್ದದ್ದು ನಾಯಿಕೂದಲಿಗೆ,” ಎಂದೆ. “ಅಕ್ಕನ ಕೂದಲಿಗಲ್ಲ.”

“ಹಲ್ಲು ಕಿರಿದದ್ದು ಸಾಕು,” ಎಂದಳು ಅಕ್ಕ. “ಅವಳ ಬಟ್ಟಲಲ್ಲಿ ನೀರಿದೆಯಾ ನೋಡಿ ಹೋಗಿ.” ಅಂದಿನವರೆಗೆ ‘ಆ ಪ್ರಾಣಿ’ಯಾಗಿದ್ದುದು ‘ಅವಳು’ ಆಗಿತ್ತು.

ಅಕ್ಕ ಮತ್ತೆ ತಲೆಗೆ ಬಣ್ಣ ಹಚ್ಚಲಿಲ್ಲ. ಅಷ್ಟು ಜನರೆದುರು ಹೇಳಿದ ಮಾತಿಗೆ ತಲೆಯೂ ತಾಳೆಯಾಗಬೇಕಲ್ಲ. ಮುಂದಿನ ಬೇಸಗೆಯ ಹೊತ್ತಿಗೆ ಅವಳ ನೆತ್ತಿಯೂ ನೊರೆಯ ಬೆನ್ನೂ ಒಂದೇ ಬಣ್ಣಕ್ಕೆ ಬಂದಿದ್ದವು. ಕೋಟಿನಲ್ಲಿ ಎಂದಾದರೂ ಒಂದು ಬಿಳಿಗೂದಲು ಕಂಡರೆ ವಕೀಲರು ಅದನ್ನು ತಾವೇ ತೆಗೆದುಹಾಕಿ, ಯಾರದೆಂದು ಕೇಳದೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿದ್ದರು.